ಮಣೂಕದ ಶೆಡ್ಡಿನಲ್ಲಿ ಕೂದಲಪ್ಪನ ಪಾಳಿ

ಮನುಷ್ಯನಿಗೆ ಯಾವ ಚಟವಿದ್ದರೂ ಚಿಂತೆಯಿಲ್ಲ, ಆ ಚಟಕ್ಕೊಬ್ಬ ಜೊತೆಗಾರ ಸಿಗಬೇಕು. ತಂಬಾಕು ತಿನ್ನುವವನಿಗೆ ಬಸ್ ಸ್ಟ್ಯಾಂಡಿನಲ್ಲಿ ಗುರುತು ಪರಿಚಯವಿಲ್ಲದವನೂ ಸುಣ್ಣದ ಡಬ್ಬಿ ಚಾಚುತ್ತಾನೆ. ಇಸ್ಪೀಟಿನವನಿಗೆ ಊರೂರಲ್ಲೂ ಒಂದು ಕಟ್ಟೆಯಿದೆ. ಭಜನೆಯ ಹುಚ್ಚಿದ್ದವನ ಮಾತಂತೂ ಬೇಡವೇ ಬೇಡ, ತಾಳ ಹಿಡಿಯಲು ಜನ ತಾವಾಗಿಯೇ ಬಂದು ಕೂಡುತ್ತಾರೆ. ನನ್ನ ಚಟ ಇವುಗಳಲ್ಲಿ ಯಾವುದೂ ಅಲ್ಲ. ನಾನು ವಿಜಯಪುರದ ಜಲನಗರದಲ್ಲಿ ಮನೆ ಮಾಡಿಕೊಂಡು, ದಿನಾ ಬೆಳಿಗ್ಗೆ ಬಸ್ಸು ಹತ್ತಿ, ತಿಕೋಟಾ ದಾಟಿ ಹೊನವಾಡದ ಹಾದಿಯಲ್ಲಿರುವ ಒಂದು ಒಣದ್ರಾಕ್ಷಿ ಶೆಡ್ಡಿಗೆ ಮ್ಯಾನೇಜರಿಕೆ ಮಾಡಲು ಹೋಗುವ, ಅರ್ಧ ತಲೆ ನರೆತ, ಹೊಟ್ಟೆ ತುಸು ಮುಂದೆ ಬಂದ ಮನುಷ್ಯ. ಇಂಥ ನಾನು ಹಳೆಯ ಇಂಗ್ಲಿಷ್ ರಾಕ್ ಸಂಗೀತಗಾರನೊಬ್ಬನ ಪರಮಭಕ್ತ. ಕಾಲೇಜಿನ ದಿನಗಳಲ್ಲಿ ರೂಮಿನ ಗೆಳೆಯನೊಬ್ಬ ಊರಿಗೆ ಹೋಗುವಾಗ ಬಿಟ್ಟುಹೋದ ಒಂದು ಕ್ಯಾಸೆಟ್ಟಿನಿಂದ ಹತ್ತಿದ ರೋಗ ಇದು. ಗೆಳೆಯ ಆಮೇಲೆ ಗುಣವಾದ, ನಾನು ಆಗಲಿಲ್ಲ.

ಆ ಸಂಗೀತಗಾರನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಕೂಡಲೇ ಮೊಬೈಲಿನಲ್ಲಿ ಹುಡುಕಿ, ಎರಡು ನಿಮಿಷ ಕೇಳಿ, ನನ್ನ ಹೆಂಡತಿಯ ಪಕ್ಷ ಸೇರಿಬಿಡುತ್ತೀರಿ. ಆ ಪಕ್ಷದಲ್ಲಿ ಈಗಾಗಲೇ ಜನ ಬಹಳವಾಗಿದ್ದಾರೆ. ನನ್ನ ಹೆಂಡತಿ ಶಶಿಕಲಾ ಅವನನ್ನು ಕರೆಯುವುದು ಕೂದಲಪ್ಪ ಎಂದು. ಕ್ಯಾಸೆಟ್ಟಿನ ಮೇಲಿನ ಚಿತ್ರದಲ್ಲಿ ಮುಖಕ್ಕಿಂತ ಕೂದಲೇ ಹೆಚ್ಚಾಗಿ ಕಾಣುತ್ತಿದ್ದುದರಿಂದ ಮದುವೆಯಾದ ಹೊಸತರಲ್ಲೇ ಈ ನಾಮಕರಣ ನಡೆದುಹೋಯಿತು. "ಅಲ್ಲರಿ, ಇವಗ ನೆಗಡಿ ಗಿಗಡಿ ಆದರ ಮೂಗ ಹೆಂಗ ಹುಡಕ್ತಾನ?" ಎಂದು ಅವಳು ಅಂದೇ ಕೇಳಿದ್ದಳು.

ಆದರೆ ಕೂದಲಿನ ಆಚೆಗೆ ನೋಡುವವರಿಗೆ ಅವನ ಮಹಿಮೆ ತಿಳಿಯುತ್ತದೆ. ಅವನು ಬಾರಿಸದ ವಾದ್ಯವಿಲ್ಲ. ಮೊದಲನೆಯ ಬ್ಯಾಂಡು ಕಟ್ಟಿದಾಗ ಬಾಲ್ಯದ ಗೆಳೆಯ ಗಿಟಾರು ತಾನೇ ಹಿಡಿದದ್ದರಿಂದ ಇವನ ಪಾಲಿಗೆ ಬಂದದ್ದು ಬೇಸ್ ಗಿಟಾರು, ಅಂದರೆ ಯಾರ ಕಿವಿಗೂ ಬೀಳದ, ಆದರೆ ನಿಂತರೆ ಎಲ್ಲರಿಗೂ ಏನೋ ತಪ್ಪಿತೆನಿಸುವ ದಪ್ಪ ತಂತಿಯ ವಾದ್ಯ. ಡ್ರಮ್ ಬಾರಿಸುವವನು ಒಂದು ದಿನ ಹೇಳದೆ ಕೇಳದೆ ಓಡಿಹೋದ, ಇವನು ಡ್ರಮ್ಮಿಗೆ ಕುಳಿತ. ಹಾಡುವವನ ಗಂಟಲು ಕಟ್ಟಿತು, ಇವನು ಹಾಡಿದ. ಎರಡನೆಯ ಬ್ಯಾಂಡಿನಲ್ಲಿ ಪಿಯಾನೋ, ಆರ್ಗನ್, ನಡುನಡುವೆ ಕೊಳಲು. ಕೊನೆಗೆ ಯಾರ ಸಹವಾಸವೂ ಬೇಡವೆಂದು ಒಬ್ಬನೇ ಮನೆಯ ಬಾಗಿಲು ಹಾಕಿಕೊಂಡು, ಎಲ್ಲ ವಾದ್ಯಗಳನ್ನೂ ತಾನೇ ಬಾರಿಸಿ, ತಾನೇ ಹಾಡಿ, ಒಂದು ಇಡೀ ರಿಕಾರ್ಡು ಹೊರತಂದ. ಆ ರಿಕಾರ್ಡು ಕೇಳಿದಾಗಲೆಲ್ಲ ನನ್ನ ಎದೆ ಉಬ್ಬುತ್ತದೆ, ನಾನೇ ಏನೋ ಸಾಧಿಸಿದಂತೆ. ಪದಗಳಲ್ಲಿ ಅರ್ಧದಷ್ಟು ನನಗೆ ಅರ್ಥವಾಗುವುದಿಲ್ಲ ಎಂಬುದು ಬೇರೆ ಮಾತು. ಭಕ್ತಿಗೆ ಅರ್ಥ ಅಡ್ಡ ಬರಬಾರದು.

ಜೊತೆಗಾರನನ್ನು ಹುಡುಕುವ ಪ್ರಯತ್ನ ನಾನು ಮಾಡಲಿಲ್ಲವೆಂದಲ್ಲ. ಬಬಲೇಶ್ವರದಲ್ಲಿರುವ ನಮ್ಮ ಮಾವನವರು ಸಂಗೀತದ ರಸಿಕರು, ಭಜನೆಯಲ್ಲಿ ದಿಮ್ಮಡಿ ಬಾರಿಸುವವರು. ಒಮ್ಮೆ ಹಬ್ಬಕ್ಕೆ ಹೋದಾಗ ಊಟವಾದ ಮೇಲೆ ಅವರ ಮುಂದೆ ಮೊಬೈಲಿಟ್ಟು, ಕೂದಲಪ್ಪನ ಗೆಳೆಯ ಗಿಟಾರನ್ನು ಮೈಮೇಲೆ ಬಂದವನಂತೆ ಬಾರಿಸುವ ಹಾಡೊಂದನ್ನು ಹಚ್ಚಿದೆ. ಅವರು ಕಣ್ಣು ಮುಚ್ಚಿ, ತಲೆಬಾಗಿಸಿ, ಅಲುಗಾಡದೆ ಕೇಳಿದರು. ನನಗೆ ಆನಂದದಿಂದ ಮೈ ಜುಮ್ಮೆಂದಿತು. ಹಾಡು ಮುಗಿದ ಮೇಲೆ ಕಣ್ಣು ತೆರೆದು, ಬಹಳ ಮರುಕದಿಂದ, "ಸ್ಪೀಕರ್ ಹರದೈತ್ರಿ ಅಳಿಯಂದ್ರ. ಚಿಂತಿ ಮಾಡಬ್ಯಾಡ್ರಿ, ನಮ್ಮೂರಾಗ ರಿಪೇರಿ ಮಾಡಾವ ಒಬ್ಬ ಶಾಣ್ಯಾ ಅದಾನ" ಎಂದರು. ಆ ಶಾಣ್ಯಾನ ಅಂಗಡಿಗೆ ಅವರು ನನ್ನನ್ನು ಕೈಹಿಡಿದು ಕರೆದುಕೊಂಡು ಹೋದದ್ದೂ ಉಂಟು. ಅಳಿಯನಾದವನು ಮಾವನ ಮಾತನ್ನು ಹೇಗೆ ಮೀರುವುದು, ಸುಮ್ಮನೆ ಹೋಗಿ ಬಂದೆ.

ಮನೆಯಲ್ಲಂತೂ ಹಾಡು ಹಚ್ಚುವಂತಿಲ್ಲ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಮಾಳಿಗೆಯ ಮೇಲೆ ಕುಳಿತು ಕೇಳುತ್ತಿದ್ದೆ. ಇಯರ್‌ಫೋನಿನ ತೊಂದರೆಯೇನೆಂದರೆ ಹಾಡು ನಿಮ್ಮೊಬ್ಬರಿಗೇ ಕೇಳುತ್ತದೆ, ನಿಮ್ಮ ತಲೆಯಾಟ ಮಾತ್ರ ಓಣಿಗೆಲ್ಲ ಕಾಣುತ್ತದೆ. ಎದುರು ಮನೆಯವರು ಒಂದು ದಿನ ಶಶಿಕಲಾಳನ್ನು ಬದಿಗೆ ಕರೆದು, "ಸಾಹೇಬ್ರಿಗೆ ಯಾವಾಗಿಂದ ಹಿಂಗಾಗೇತ್ರಿ ವೈನಿ? ನಮ್ಮ ಪರಿಚಯದ ಡಾಕ್ಟರು ಇಲ್ಲೇ ಹತ್ರದಾಗ ಅದಾರ" ಎಂದು ಸಮಾಧಾನ ಹೇಳಿ ಹೋದರಂತೆ. ಅಂದಿನಿಂದ ಮಾಳಿಗೆಯೂ ಬಂದಾಯಿತು. ಉಳಿದದ್ದು ಶೆಡ್ಡು ಒಂದೇ.

ಶೆಡ್ಡಿನ ವಿಷಯ ಸ್ವಲ್ಪ ಹೇಳಬೇಕು. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಎನ್ನುತ್ತೇವೆ. ಸುಗ್ಗಿಯಲ್ಲಿ ತೋಟದಿಂದ ಬಂದ ದ್ರಾಕ್ಷಿ ಜಾಳಿಗೆಯ ಮೇಲೆ ಒಣಗಿ ಇಳಿದ ನಂತರ, ಅದನ್ನು ದೊಡ್ಡ ತಾಟುಗಳಲ್ಲಿ ಹರವಿ, ತೊಟ್ಟು, ಕಸ, ಕಪ್ಪು ಕಾಳು ಎಲ್ಲ ಆರಿಸಿ ತೆಗೆಯಬೇಕು. ಇದು ಹೆಣ್ಣುಮಕ್ಕಳ ಕೆಲಸ. ಘೋಣಸಗಿಯಿಂದ, ಹೊನವಾಡದಿಂದ ಟಂಟಂ ಗಾಡಿ ತುಂಬಿಕೊಂಡು ಬರುತ್ತಾರೆ, ಎರಡು ಸಾಲಾಗಿ ಎದುರುಬದುರು ಕೂಡುತ್ತಾರೆ, ಕೈ ಓಡತೊಡಗುತ್ತದೆ. ಕೈ ಓಡಬೇಕಾದರೆ ಹಾಡು ಬೇಕು. ಅದಕ್ಕಾಗಿ ಅವರೆಲ್ಲ ಕೂಡಿ ಒಂದು ಹಾಡಿನ ಡಬ್ಬಿ ತಂದಿಟ್ಟುಕೊಂಡಿದ್ದಾರೆ, ಮೊಬೈಲಿಗೆ ಜೋಡಿಸಿದರೆ ಶೆಡ್ಡಿನ ತಗಡು ನಡುಗುವಂತೆ ಹಾಡುವಂಥದ್ದು. ಡಬ್ಬಿ ಅವರದು, ಆದ್ದರಿಂದ ಕಾನೂನೂ ಅವರದು. ಶೆಡ್ಡಿನ ಬೀಗದ ಕೈ, ತೂಕದ ಯಂತ್ರ, ಲಾರಿಯ ಕಾಗದ ಎಲ್ಲ ನನ್ನ ಅಧಿಕಾರದಲ್ಲಿದ್ದರೂ ಡಬ್ಬಿಯ ಮುಂದೆ ನಾನು ಯಾರೂ ಅಲ್ಲ.

ಕಾನೂನು ಸರಳ. ದಿನಕ್ಕೊಬ್ಬರ ಪಾಳಿ. ಯಾರ ಪಾಳಿಯೋ ಅವರು ಹೇಳಿದ ಹಾಡು. ಒಬ್ಬಳ ದಿನ ಬರೀ ದೇವರ ಪದ, ಇನ್ನೊಬ್ಬಳ ದಿನ ಬರೀ ಕುಣಿಯುವ ಜಾನಪದ, ಮತ್ತೊಬ್ಬಳ ದಿನ ಹಳೆಯ ಸಿನಿಮಾ. ಯಾರೂ ತಕರಾರು ಮಾಡುವಂತಿಲ್ಲ. ಆದರೆ ಹಾಡು ಕೈಗೆ ಹತ್ತಬೇಕು. ಹಾಡಿನಿಂದ ಕೈ ನಿಧಾನವಾದರೆ ಮುಖ್ಯಸ್ಥೆ ಸಿದ್ದವ್ವ ಡಬ್ಬಿಯ ಕಿವಿ ಹಿಂಡುತ್ತಾಳೆ, ಹಚ್ಚಿದವಳ ಮುಂದಿನ ಪಾಳಿ ಹೋಗುತ್ತದೆ. ಸಿದ್ದವ್ವ ಘೋಣಸಗಿಯವಳು, ಎರಡು ಸಾಲಿನ ನಡುವೆ ಗೋಡೆಗೆ ಬೆನ್ನು ಕೊಟ್ಟು ಕೂಡುವ, ಮಾತು ಕಡಿಮೆ ಕಣ್ಣು ಹೆಚ್ಚು ಎನ್ನುವಂಥ ಹೆಂಗಸು. ಮೊಬೈಲು ಒತ್ತುವ ಕೆಲಸ ಅವಳ ನಾದಿನಿ ಕಸ್ತೂರಿಯದು.

ಇಂಥ ಸಭೆಯಲ್ಲಿ ನಾನು ಒಂದು ಪಾಳಿ ಬೇಡಿದೆ. ಮ್ಯಾನೇಜರಾದವನು ಕೂಲಿಯವರ ಹತ್ತಿರ ಬೇಡುವುದೆಂದರೆ ಏನು ಎಂದು ನಿಮಗೆ ಅನಿಸಬಹುದು. ಜೊತೆಗಾರನಿಲ್ಲದ ಭಕ್ತನ ಸಂಕಟ ನಿಮಗೆ ಗೊತ್ತಿಲ್ಲ. ಒಮ್ಮೆಯಾದರೂ, ಒಂದು ದಿನವಾದರೂ, ನನ್ನ ಕೂದಲಪ್ಪ ನಾಲ್ಕು ಜನರ ನಡುವೆ ಗಟ್ಟಿ ದನಿಯಲ್ಲಿ ಹಾಡಬೇಕು, ಅದರಲ್ಲಿ ಒಬ್ಬರಾದರೂ ತಲೆದೂಗಬೇಕು. ಇಷ್ಟೇ ನನ್ನ ಆಸೆ. ಸಿದ್ದವ್ವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಬುಧವಾರ ಖಾಲಿ ಐತಿ, ಹಚ್ರಿ ಸಾಹೇಬ್ರ. ಆದರ ಕಾನೂನ ಎಲ್ಲಾರಿಗೂ ಒಂದ" ಎಂದಳು.

ಬುಧವಾರ ನಾನು ಮಾಡಿದ ತಪ್ಪು ಎಲ್ಲ ಭಕ್ತರೂ ಮಾಡುವಂಥದ್ದು. ಎಲ್ಲರಿಗೂ ಹಿಡಿಸುವಂಥದ್ದನ್ನು ಬಿಟ್ಟು, ನನಗೆ ಅತಿ ಶ್ರೇಷ್ಠವೆನಿಸಿದ್ದನ್ನು ಹಚ್ಚಿದೆ. ಎರಡನೆಯ ಬ್ಯಾಂಡಿನ ಕಾಲದ್ದು, ಆರ್ಗನ್ ಒಂದೇ ಬಹಳ ಹೊತ್ತು ಗುಂಯ್ ಎನ್ನುತ್ತ, ಏಳಲೋ ಬೇಡವೋ ಎಂದು ವಿಚಾರ ಮಾಡುತ್ತ ಮಲಗಿರುವ ಹಾಡು. ನಾನು ಕಣ್ಣು ಮುಚ್ಚಿ ನಿಂತಿದ್ದೆ. ಕಣ್ಣು ತೆರೆದಾಗ ಎರಡೂ ಸಾಲಿನ ಕೈಗಳು ತಾಟಿನ ಮೇಲೆ ನಿಂತಿದ್ದವು. ಹೊನವಾಡದ ಒಬ್ಬಾಕೆ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಇನ್ನೊಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಆಸೆಯಿಂದ ಯಾಕವ್ವಾ ಎಂದು ಕೇಳಿದರೆ, "ನಮ್ಮ ಅತ್ತಿ ಹ್ವಾದ ದಿನ ದವಾಖಾನ್ಯಾಗ ಮಿಷನ್ ಹಿಂಗ ಅಂತಿತ್ರಿ" ಎಂದಳು. ಸಿದ್ದವ್ವ ಎದ್ದು ಬಂದು ಡಬ್ಬಿ ಬಂದ್ ಮಾಡಿದಳು. ನನ್ನ ಮುಖ ನೋಡಿ ಅವಳಿಗೇ ಕನಿಕರ ಬಂದಿರಬೇಕು. "ಹ್ವಾದ್ರ ಹೋಗಲಿ, ಇನ್ನೊಂದ ಪಾಳಿ ಕೊಡೂಣು. ಈ ಸಲ ಮಕ್ಕೊಂಡ ಹಾಡ ಬ್ಯಾಡ್ರಿ, ಎದ್ದ ಹಾಡ ತರ್ರಿ" ಎಂದಳು.

ಮುಂದಿನ ಬುಧವಾರ ಎದ್ದ ಹಾಡನ್ನೇ ತಂದೆ. ಅವನು ಒಬ್ಬನೇ ಎಲ್ಲ ಬಾರಿಸಿದ ರಿಕಾರ್ಡಿನ ಮೊದಲನೆಯ ಹಾಡು. ಮೊದಲು ಡ್ರಮ್ಮು ಕಲ್ಲಿನ ಮೇಲೆ ಕೊಡಲಿ ಬಿದ್ದಂತೆ ಬೀಳುತ್ತದೆ, ಬೆನ್ನಿಗೇ ಬೇಸು, ಅದರ ಮೇಲೆ ಗಿಟಾರು, ಪಿಯಾನೋ, ಆಮೇಲೆ ಅವನ ಒಡಕು ಕಂಚಿನ ದನಿ. ಕೈಗಳು ನಿಲ್ಲಲಿಲ್ಲ. ಹೆಚ್ಚು ಓಡಲೂ ಇಲ್ಲ. ನಾನು ಸಿದ್ದವ್ವನ ಮುಖವನ್ನೇ ನೋಡುತ್ತಿದ್ದೆ. ಆಗ ಕಸ್ತೂರಿ ತಲೆಯೆತ್ತದೆಯೇ, "ಈ ಮ್ಯಾಳದಾಗ ಎಷ್ಟ ಮಂದಿ ಅದಾರ್ರಿ ಸಾಹೇಬ್ರ?" ಎಂದು ಕೇಳಿದಳು.

"ಒಬ್ಬನ."

"ಹಾಡಾವ ಒಬ್ಬನ ಇರ್ತಾನ್ರಿ. ಬಾರಸೋ ಮಂದಿ ಎಷ್ಟ?"

"ಅದೂ ಅವನ. ಎಲ್ಲಾ ಅವನ."

ಕೈಗಳು ನಿಂತವು. ಮ್ಯಾನೇಜರು ಸುಳ್ಳು ಹೇಳಿದಾಗ ಕೂಲಿಯವರು ನೋಡುವ ಒಂದು ನೋಟವಿದೆ, ಆ ನೋಟ ಎರಡೂ ಕಡೆಯಿಂದ ಬಂತು. "ಒಬ್ಬವಗ ಎಷ್ಟ ಕೈ ಅದಾವ್ರಿ?" ಎಂದಳು ಸಿದ್ದವ್ವ. ನಾನು ತಾಟುಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ವಿವರಿಸಿದೆ. ಮೊದಲು ಡ್ರಮ್ ಒಂದನ್ನೇ ಬಾರಿಸಿ ರಿಕಾರ್ಡಿಗೆ ತುಂಬಿಸಿಡುತ್ತಾನೆ. ಅದನ್ನು ಕೇಳುತ್ತ ಕೇಳುತ್ತ ಬೇಸು ಬಾರಿಸುತ್ತಾನೆ. ಅವೆರಡರ ಮೇಲೆ ಗಿಟಾರು. ಒಂದರ ಮೇಲೊಂದು ಕೂಡಿಸುತ್ತ ಕೊನೆಗೆ ಹಾಡುತ್ತಾನೆ. ಕೇಳುವವರಿಗೆ ಮಾತ್ರ ಎಲ್ಲ ಒಮ್ಮೆಲೇ ನಡೆದಂತೆ ಕೇಳಿಸುತ್ತದೆ. ಇಷ್ಟು ಹೇಳಿ ಸಿದ್ದವ್ವನ ತೀರ್ಪಿಗೆ ಕಾದೆ. ಅವಳು ಒಂದು ಹಿಡಿ ಮಣೂಕ ಕೈಯಲ್ಲಿ ಹೊರಳಿಸುತ್ತ, "ಅಂದ್ರ ನಮ್ಮಂಗ" ಎಂದಳು.

"ಹೆಂಗವ್ವಾ?"

"ಬ್ಯಾಳಿ ಒಲಿ ಮ್ಯಾಲಿ ಇಟ್ಟ ಬಂದು ಎಮ್ಮಿ ಹಿಂಡತೀವಿ. ಎಮ್ಮಿ ಹಿಂಡಿ ಬಂದು ರೊಟ್ಟಿ ಬಡಿತೀವಿ. ರೊಟ್ಟಿ ಬಡಕೋತ ಕೂಸಿನ ತೊಟ್ಲಕ್ಕ ಕಾಲ ಕೊಡ್ತೀವಿ. ಉಣ್ಣಾಕ ಕುಂತವರಿಗೆ ಎಲ್ಲಾ ಒಮ್ಮೆಲೇ ಆದಂಗ ಕಾಣತೈತಿ. ಪಾಪ, ಅವಗೂ ಮನ್ಯಾಗ ಯಾರೂ ಕೈ ಹಚ್ಚಂಗಿಲ್ಲೇನು?"

ಆಗ ಬಂತು ನೋಡಿ ತಲೆದೂಗು. ಒಬ್ಬರದಲ್ಲ, ಎರಡೂ ಸಾಲಿನದು. ಹಾಡನ್ನು ಮೊದಲಿನಿಂದ ಹಚ್ಚಲು ಅಪ್ಪಣೆಯಾಯಿತು. ಈ ಸಲ ಅವರು ಒಂದೊಂದೇ ವಾದ್ಯವನ್ನು ಗುರುತಿಸತೊಡಗಿದರು. "ಇದು ಬ್ಯಾಳಿ", "ಇದು ಎಮ್ಮಿ", "ಈಗ ಬಂತ ನೋಡ ರೊಟ್ಟಿ" ಎಂದು ಕಸ್ತೂರಿ ಡ್ರಮ್ಮಿನ ಜೊತೆಗೆ ತಾಟು ಬಡಿದಳು. ಕೈಗಳು ಹೇಗೆ ಓಡಿದವೆಂದರೆ ಮಧ್ಯಾಹ್ನದ ಮಾಲು ಊಟದ ಮೊದಲೇ ಮುಗಿಯಿತು. ನಾನು ಆಫೀಸಿನ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡು ಒಬ್ಬನೇ ನಕ್ಕೆ. ಇಷ್ಟು ವರ್ಷ ಕೂದಲಪ್ಪನಿಗೆ ಆದ ಅವಮಾನವೆಲ್ಲ ಒಂದೇ ದಿನ ತೊಳೆದುಹೋದಂತೆ ಅನಿಸಿತು.

ಆದರೆ ಹೆಣ್ಣುಮಕ್ಕಳು ಹಾಡಿಗೆ ನಿಲ್ಲುವವರಲ್ಲ. ಊಟಕ್ಕೆ ಬುತ್ತಿ ಬಿಚ್ಚಿದಾಗ ಸಿದ್ದವ್ವ, "ಅಲ್ರಿ, ಅವ ಒಬ್ಬನ ಯಾಕಾದ? ಜೊತಿಗಿದ್ದವರು ಎಲ್ಲಿ ಹ್ವಾದ್ರು?" ಎಂದು ಕೇಳಿದಳು. ಇಂಥ ಪ್ರಶ್ನೆಗಾಗಿ ನಾನು ಅರ್ಧ ಆಯುಷ್ಯ ಕಾದಿದ್ದೆ. ಮೊದಲನೆಯ ಬ್ಯಾಂಡಿನಿಂದ ಶುರುಮಾಡಿದೆ. ಅಂದಿನಿಂದ ದಿನಾ ಬುತ್ತಿಯ ಹೊತ್ತಿಗೆ ಒಂದಿಷ್ಟು ಪುರಾಣ, ಆಮೇಲೆ ಆ ಕಾಲದ ಹಾಡು. ಡ್ರಮ್ಮಿನವನು ಓಡಿಹೋದ ದಿನ ಇವನು ಕುಳಿತದ್ದನ್ನು ಕೇಳಿ "ಮನಿ ಉಳಿಸಿದ ಮಗ" ಎಂದರು. ಗಂಟಲು ಕಟ್ಟಿದವನಿಗೆ ಏನು ಮನೆಮದ್ದು ಕೊಡಬೇಕಿತ್ತೆಂದು ಚರ್ಚಿಸಿದರು. ಕೂದಲಪ್ಪ ಹೋಗಿ ಅವರ ಬಾಯಲ್ಲಿ 'ಅಣ್ಣ' ಆದ. "ಅಣ್ಣಗ ಮುಂದ ಏನಾತ್ರಿ?" ಎಂದು ಟಂಟಂ ಇಳಿಯುತ್ತಲೇ ಕೇಳತೊಡಗಿದರು. ದೇವರ ಪದದವಳೂ ಜಾನಪದದವಳೂ ತಮ್ಮ ಪಾಳಿಯನ್ನು ತಾವಾಗಿಯೇ ಅಣ್ಣನಿಗೆ ಬಿಟ್ಟುಕೊಟ್ಟರು. ವಾರವಿಡೀ ಅವನದೇ ರಾಜ್ಯವಾಯಿತು. ನಾನು ಬಸ್ಸಿನಲ್ಲಿ ಎದೆ ಮುಂದೆ ಮಾಡಿ ಕೂಡತೊಡಗಿದೆ.

ಗೆದ್ದವನಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ಪುರಾಣ ಜಗಳದ ಅಧ್ಯಾಯಕ್ಕೆ ಬಂತು. ಅಣ್ಣನೂ ಆ ಬಾಲ್ಯದ ಗೆಳೆಯನೂ ಗೆಳೆಯನ ಅವ್ವನ ಅಡುಗೆಮನೆಯಲ್ಲಿ ಕುಳಿತು ಕಟ್ಟಿದ ಹಾಡೊಂದು ಊರೂರಲ್ಲಿ ಹೆಸರಾಯಿತು. ಅದನ್ನು ಕಟ್ಟಿದವನು ನಾನೇ ಎಂದ ಗೆಳೆಯ. ಅಣ್ಣ ಒಂದು ಮಾತೂ ಆಡದೆ ಎದ್ದು ಹೋದ. ಮೊದಲನೆಯ ಬ್ಯಾಂಡು ಮುರಿಯಿತು. ನಾನು ಇದನ್ನು ಬಹಳ ರಸವತ್ತಾಗಿ, ದನಿ ನಡುಗಿಸಿ ಹೇಳಿದೆ. ಅಲ್ಲಿಗೆ ಶೆಡ್ಡಿನಲ್ಲೂ ಪಾಲಾಯಿತು. ಘೋಣಸಗಿಯ ಸಾಲು ಅಣ್ಣನ ಕಡೆ, ಹೊನವಾಡದ ಸಾಲು ಗೆಳೆಯನ ಕಡೆ.

"ಅವರ ಮನ್ಯಾಗ ಕುಂತು, ಅವರ ಅವ್ವನ ಕೈಲೆ ಉಂಡು, ಒಂದ ಮಾತ ಹೇಳದ ಎದ್ದ ಹೋಗೋದೇನು? ಎಷ್ಟ ಸೊಕ್ಕ ಅವಗ" ಎಂದಳು ಹೊನವಾಡದ ಒಬ್ಬಾಕೆ. "ಕೂಡಿ ದುಡದದ್ದು ತನ್ನದ ಅಂದಾವಗ ಏನ ಅಂತಾರ ನಿಮ್ಮೂರಾಗ?" ಎಂದಳು ಕಸ್ತೂರಿ. ಮಾತಿಗೆ ಮಾತು ಬೆಳೆದು ಅಣ್ಣನನ್ನು ದಾಟಿ, ಗೆಳೆಯನನ್ನು ದಾಟಿ, ಯಾರದೋ ಮನೆಯ ನಾದಿನಿಯ ಲಗ್ನದವರೆಗೆ ಹೋಯಿತು. ಮರುದಿನ ಎರಡು ಸಾಲುಗಳು ಬೆನ್ನು ತಿರುಗಿಸಿ ಕುಳಿತವು. ಒಂದು ಸಾಲು ಇನ್ನೊಂದಕ್ಕೆ ನೀರಿನ ಕೊಡ ಸರಿಸಲೊಲ್ಲದು. ಕೆಲಸ ಕುಂಟತೊಡಗಿತು. ಸಿದ್ದವ್ವ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು. "ಜಗಳ ನೀವು ತಂದೀರಿ ಸಾಹೇಬ್ರ, ನೀವ ಹರೀರಿ. ಅವರಿಬ್ಬರು ಕೂಡ್ಯಾರೋ ಇಲ್ಲೋ ಹೇಳ್ರಿ. ಕೂಡ್ಯಾರಂದ್ರ ನಾವೂ ಕೂಡತೇವಿ. ಇಲ್ಲಂದ್ರ ಈ ಸುಗ್ಗಿಗೆ ಹಾಡ ಬಂದ್, ನಿಮ್ಮ ಅಣ್ಣನೂ ಬಂದ್."

"ಅವರು ಕೂಡಿದ್ದು ನನಗ ಗೊತ್ತಿಲ್ಲವ್ವಾ."

"ಗೆಳ್ಯಾನ ಅವ್ವ ಏನಂದ್ಲು?"

"ಅದೂ ಗೊತ್ತಿಲ್ಲ."

"ಇಷ್ಟ ವರ್ಷಾತು ಕೇಳಾಕತ್ತು, ಹಡದವ್ವಂದ ಕೇಳಿಲ್ಲ?" ಎಂದು ಸಿದ್ದವ್ವ ಮುಖ ತಿರುಗಿಸಿದಳು.

ನಿಜವಾಗಿ ನನಗೆ ಗೊತ್ತಿರಲಿಲ್ಲ. ಅವನ ಹಳೆಯ ರಿಕಾರ್ಡುಗಳಿಗೇ ನಾನು ನಿಂತುಬಿಟ್ಟವನು. ನನ್ನ ಮನಸ್ಸಿನಲ್ಲಿ ಅವನಿಗೆ ವಯಸ್ಸೇ ಆಗಿರಲಿಲ್ಲ, ಇನ್ನು ಜಗಳ ಮುಗಿಯುವುದೆಲ್ಲಿ ಬಂತು. ಕೂಡಿದ್ದಾರೆ ಎಂದು ಒಂದು ಸುಳ್ಳು ಹೇಳಿಬಿಡೋಣವೆಂದೂ ಅನಿಸಿತು. ಆದರೆ ಸಿದ್ದವ್ವ ಸುಮ್ಮನೆ ಬಿಡುವವಳಲ್ಲ. ಎಲ್ಲಿ ಕೂಡಿದರು, ಯಾರು ಮೊದಲು ಮಾತಾಡಿಸಿದರು, ಯಾರು ನಡುವೆ ಬಿದ್ದರು ಎಂದು ಕೇಳುತ್ತಾಳೆ, ನಾನು ಮೂರನೆಯ ಪ್ರಶ್ನೆಗೆ ಸಿಕ್ಕಿಬೀಳುತ್ತೇನೆ. ಅಂದು ಮನೆಗೆ ಬಂದು ಊಟಕ್ಕೆ ಕುಳಿತವನು ರೊಟ್ಟಿ ಮುರಿದು ಹಾಗೇ ಇಟ್ಟೆ. ಶಶಿಕಲಾ ಏನಾಯಿತೆಂದು ಕೇಳಿದಳು. ಕೂದಲಪ್ಪನ ಮಾತು ಅವಳ ಮುಂದೆ ಎತ್ತಬಾರದೆಂಬ ನಿಯಮ ಮುರಿದು ಎಲ್ಲ ಹೇಳಿದೆ. ಸಿಕ್ಕಿದ ಏಕೈಕ ಸಭೆಯೂ ಕೈಬಿಟ್ಟಿತಲ್ಲ ಎಂಬ ದುಃಖ ನನಗೆ ನಿಜವಾಗಿಯೂ ಇತ್ತು, ಅದನ್ನೂ ಹೇಳಿದೆ.

ಅವಳು ನಗಲಿಲ್ಲ. ಕೈತೊಳೆದು ಬಂದು ಮೊಬೈಲು ತೆಗೆದುಕೊಂಡಳು. ಬೆರಳು ಓಡುವುದನ್ನು ನೋಡುತ್ತಿದ್ದೆ. ಅವನ ಪೂರ್ತಿ ಹೆಸರು, ಒಂದಕ್ಷರವೂ ತಪ್ಪದಂತೆ, ಇಂಗ್ಲಿಷಿನಲ್ಲಿ ಬಂತು. ಬೆನ್ನಿಗೇ ಆ ಗೆಳೆಯನ ಹೆಸರೂ ಬಂತು. ಇಷ್ಟು ವರ್ಷ ಬೇಡ ಬೇಡವೆನ್ನುತ್ತಲೇ ಅವಳ ಕಿವಿಗೆ ಬಿದ್ದದ್ದೆಲ್ಲ ಅಲ್ಲೇ ಉಳಿದಿತ್ತು. ನನಗೆ ಅದನ್ನು ನೋಡಿ ಹಾಡು ಕೇಳಿದ್ದಕ್ಕಿಂತ ಹೆಚ್ಚು ಸಂತೋಷವಾಯಿತು. ಸ್ವಲ್ಪ ಹೊತ್ತಿಗೆ ಅವಳು, "ಸಿಕ್ಕೈತಿ. ಮುದುಕ ಆದ ಮ್ಯಾಲಿ ಇಬ್ಬರೂ ಕೂಡಿ ಹಾಡಿದ್ದ ಒಂದ ವಿಡಿಯೋ ಐತಿ" ಎಂದಳು. ನಾನು ಕೈ ಚಾಚಿದೆ. "ನಿಮ್ಮ ಕೈಯಾಗ ಕೊಡಂಗಿಲ್ಲ. ನೀವು ಅಲ್ಲಿ ಹೋಗಿ ಮೊದಲ ತಾಸಗಟ್ಟಲೆ ಪುರಾಣ ಹೇಳಿ, ಮತ್ತೊಂದ ಜಗಳ ಹಚ್ಚಿ ಬರ್ತೀರಿ. ನಾಳಿ ನಾನ ಬರ್ತೇನಿ."

ಮರುದಿನ ತಿಕೋಟಾದ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ, ಅವಳು ನನ್ನ ಪಕ್ಕ, ಮೊಬೈಲು ಅವಳ ಚೀಲದಲ್ಲಿ. ಶೆಡ್ಡಿಗೆ ಹೋಗುತ್ತಲೇ ಅವಳು ಸಿದ್ದವ್ವನ ಹತ್ತಿರ ಕುಳಿತು, "ಅಕ್ಕಾರ, ಡಬ್ಬಿ ಕೊಡ್ರಿ. ಅವರನ್ನ ಕರಕೊಂಡ ಬಂದೀನಿ" ಎಂದಳು. ಮಣೂಕದ ಪೆಟ್ಟಿಗೆಯ ಮೇಲೆ ಮೊಬೈಲು ನಿಂತಿತು. ಎರಡು ಸಾಲುಗಳು ಒಂದನ್ನೊಂದು ನೋಡದಂತೆ ಎಚ್ಚರವಹಿಸಿ ಮುಂದೆ ಬಂದು ಕುಳಿತವು.

ಇಬ್ಬರು ಮುದುಕರು ಕಂಡರು. ಒಬ್ಬ ಪಿಯಾನೋದ ಮುಂದೆ, ಇನ್ನೊಬ್ಬ ಗಿಟಾರು ಹಿಡಿದು ವೇದಿಕೆಯ ಆ ತುದಿಗೆ. "ಇವರಾಗ ಅಣ್ಣ ಯಾರು?" ಎಂದಳು ಕಸ್ತೂರಿ. ಪಿಯಾನೋದವನ ತಲೆ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು, ಒಂದು ಕೂದಲೂ ಇರಲಿಲ್ಲ. ನಾನು ನನಗರಿಯದೆಯೇ ನನ್ನ ತಲೆ ಮುಟ್ಟಿ ನೋಡಿಕೊಂಡೆ. ಶಶಿಕಲಾ ಬೆರಳು ಮಾಡಿ ತೋರಿಸಿದಳು. ಹಾಡು ಶುರುವಾಯಿತು. ಅದೇ ಹಾಡು, ಅವ್ವನ ಅಡುಗೆಮನೆಯಲ್ಲಿ ಕಟ್ಟಿದ್ದು. "ಒಬ್ಬರ ಮಾರಿ ಒಬ್ಬರು ನೋಡವಲ್ರು" ಎಂದಳು ಹೊನವಾಡದವಳು. "ಮಂದಿ ಕರದಾರಂತ ಬಂದಾರ, ಮನಸ ಕೂಡಿಲ್ಲ" ಎಂದಳು ಸಿದ್ದವ್ವ. ಅಣ್ಣ ಪಿಯಾನೋ ಬಿಟ್ಟು ಎದ್ದು ಬೇಸು ಹಿಡಿದ, ಅದನ್ನು ಇಳಿಸಿ ಡ್ರಮ್ಮಿಗೆ ಕುಳಿತ, ಬಾರಿಸುತ್ತ ಬಾರಿಸುತ್ತ ಹಾಡಿದ. ಅಲ್ಲಿಯ ಜನ ಕೂಗಿದರು, ಇಲ್ಲಿಯ ಜನ "ಬ್ಯಾಳಿ, ಎಮ್ಮಿ, ರೊಟ್ಟಿ" ಎಂದು ತಮಗೆ ತಾವೇ ಗೊಣಗಿಕೊಂಡರು. ಮೇಲಿನ ಸ್ವರಕ್ಕೆ ಹೋಗುವಾಗ ಅಣ್ಣನ ದನಿ ಒಡೆಯಿತು. ಕೆಮ್ಮು ಬಂತು. ಹಾಡು ಬಿದ್ದೇ ಬಿಟ್ಟಿತು ಎನ್ನುವಾಗ ವೇದಿಕೆಯ ಆ ತುದಿಯಿಂದ ಗೆಳೆಯ ಅದೇ ಸಾಲನ್ನು ಎತ್ತಿಕೊಂಡು ಹಾಡಿದ. ಹಾಡುತ್ತಲೇ ನಡೆದು ಬಂದ. ಡ್ರಮ್ಮಿನ ಹತ್ತಿರ ಬಂದು, ನೀರಿನ ಬಾಟಲಿ ಎತ್ತಿ, ತಾನು ಬಾಯಿ ಹಚ್ಚಿ ಎರಡು ಗುಟುಕು ಕುಡಿದು, ಅದನ್ನೇ ಅಣ್ಣನ ಮುಂದೆ ಹಿಡಿದ.

ಶೆಡ್ಡಿನಲ್ಲಿ ಎಲ್ಲರೂ ಮೊಬೈಲಿನ ಕಡೆ ಬಾಗಿದರು. ಅಣ್ಣ ಬಾಟಲಿ ನೋಡಿದ, ಗೆಳೆಯನನ್ನು ನೋಡಿದ. ಇಸಿದುಕೊಂಡ. ಬಾಯಿ ಹಚ್ಚಿಯೇ ಕುಡಿದ. ತಿರುಗಿ ಕೊಟ್ಟ. ಗೆಳೆಯ ಮತ್ತೆ ಅದರಲ್ಲೇ ಕುಡಿದ.

"ಎಂಜಲ ನೀರ ಕುಡದ್ರು" ಎಂದಳು ಸಿದ್ದವ್ವ. ಅವಳ ಕಣ್ಣಿನಲ್ಲಿ ನೀರಿತ್ತು. "ಮುಗೀತ ಬಿಡ್ರಿ. ಇನ್ನ ಯಾರೂ ಮಾತಾಡಂಗಿಲ್ಲ. ಒಂದ ತಾಟಿನ್ಯಾಗ ಉಂಡ್ರೂ ಅಷ್ಟ, ಒಂದ ಬಾಟಲ್ಯಾಗ ಕುಡದ್ರೂ ಅಷ್ಟ. ಅವರ ಅವ್ವ ಎಲ್ಲೇ ಇರಲಿ, ಆಕಿ ಹೊಟ್ಟಿ ತಣ್ಣಗಾತು." ಇಷ್ಟು ವರ್ಷ ನಾನು ಓದಿದ ಯಾವ ವಿಮರ್ಶೆಯೂ ಆ ಇಬ್ಬರನ್ನು ಇಷ್ಟು ಸರಿಯಾಗಿ ತೀರ್ಮಾನ ಮಾಡಿರಲಿಲ್ಲ. ಹೊನವಾಡದವಳು ಎದ್ದು ಹೋಗಿ ಕೊಡದಿಂದ ಒಂದು ತಂಬಿಗೆ ನೀರು ತಂದು ಕಸ್ತೂರಿಯ ಮುಂದೆ ಹಿಡಿದಳು. ಕಸ್ತೂರಿ ಕುಡಿದು, ನಕ್ಕು, ತಂಬಿಗೆ ತಿರುಗಿ ಕೊಟ್ಟಳು. ಆಮೇಲೆ ಯಾರು ಶುರು ಮಾಡಿದರೋ ತಿಳಿಯದು, ಲಗ್ನದಲ್ಲಿ ಅಕ್ಕಿಕಾಳು ಒಗೆದಂತೆ ಒಂದು ಹಿಡಿ ಮಣೂಕ ಮೊಬೈಲಿನ ಮೇಲೆ ಬಿತ್ತು. ಬೆನ್ನಿಗೇ ಇನ್ನೊಂದು ಹಿಡಿ. ಮೊದಲ ದರ್ಜೆಯ, ಪೆಟ್ಟಿಗೆ ಕಟ್ಟಲು ಇಟ್ಟ ಮಾಲು. ಮ್ಯಾನೇಜರಾದವನು ಗದರಬೇಕಾದ ಹೊತ್ತು ಅದು. ನಾನು ಎರಡೂ ಕೈಯಲ್ಲಿ ತುಂಬಿ ಒಗೆದೆ. ಡಬ್ಬಿ ತಗಡು ನಡುಗಿಸಿತು, ಎರಡು ಸಾಲುಗಳು ಎದುರುಬದುರಾದವು, ಅಂದು ಆದಷ್ಟು ಕೆಲಸ ಆ ಸುಗ್ಗಿಯಲ್ಲಿ ಮತ್ತೆ ಆಗಲಿಲ್ಲ. ವಿಜಯಪುರ ಜಿಲ್ಲೆಯಲ್ಲಿ ಅಂದು ನನ್ನಷ್ಟು ಗೆದ್ದ ಮನುಷ್ಯ ಇನ್ನೊಬ್ಬ ಇರಲಿಲ್ಲ.

ಗೆಲುವಿನ ಮತ್ತಿನಲ್ಲಿ ನಾನು ಒಂದು ಸಂಗತಿಯನ್ನು ಹಗುರವಾಗಿ ತೆಗೆದುಕೊಂಡೆ. ಮಧ್ಯಾಹ್ನ ಬುತ್ತಿಯ ಹೊತ್ತಿಗೆ ಶಶಿಕಲಾ ಮತ್ತು ಸಿದ್ದವ್ವ ಬಹಳ ಹತ್ತಿರ ಕುಳಿತಿದ್ದರು. ಸಿದ್ದವ್ವ ಹೇಳುತ್ತಿದ್ದಳು, "ಎಲ್ಲಾ ತಾನ ಮಾಡ್ತಾನಂತ ನೋಡವಾ ಅಣ್ಣ. ಇದು ನಂದಲ್ಲ, ಅದು ಅವರ ಕೆಲಸ ಅನ್ನಂಗಿಲ್ಲಂತ. ಸಾಹೇಬ್ರಿಗೆ ಅವನ ಮ್ಯಾಲಿ ಭಾಳ ಭಕ್ತಿ. ಮನ್ಯಾಗ ಸಾಹೇಬ್ರು ಏನೇನ ಬಾರಸ್ತಾರ?"

ಶಶಿಕಲಾ ಸ್ವಲ್ಪ ವಿಚಾರ ಮಾಡಿ, "ಕುರ್ಚಿ ಮ್ಯಾಲಿ ಕುಂತು ಚಹಾ ತರೂ ತನಕ ಬೆರಳಲೆ ಟೇಬಲ್ ಬಾರಸ್ತಾರ್ರಿ" ಎಂದಳು. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ನಾನು ತೂಕದ ಯಂತ್ರದಲ್ಲಿ ಏನೋ ಕೆಟ್ಟಂತೆ ನಟಿಸುತ್ತ ಆ ಕಡೆ ಹೋದೆ.

ಈಗ ನಮ್ಮ ಮನೆಯಲ್ಲಿ ಕೂದಲಪ್ಪನಿಗೆ ಪೂರ್ಣ ಸ್ವಾತಂತ್ರ್ಯವಿದೆ. ರವಿವಾರ ಬೆಳಿಗ್ಗೆ ಶಶಿಕಲಾಳೇ ಕಿಟಕಿ ತೆರೆದು, ದೊಡ್ಡ ದನಿಯಲ್ಲಿ ಅವನ ಹಾಡು ಹಚ್ಚಿ, ಕುರ್ಚಿಯಲ್ಲಿ ಕುಳಿತು ಕೇಳುತ್ತಾಳೆ. ಎದುರು ಮನೆಯವರು ಬಂದರೆ ಎರಡು ಬ್ಯಾಂಡುಗಳ ಇತಿಹಾಸವನ್ನೂ ನನಗಿಂತ ಚೆನ್ನಾಗಿ ಹೇಳುತ್ತಾಳೆ, ಅವರೂ ಈಗ ತಲೆಯಾಡಿಸುತ್ತಾರೆ. ನನ್ನ ಅಭಿಮಾನ ಜಲನಗರವನ್ನು ಗೆದ್ದಿದೆ. ನಾನು ಇದನ್ನೆಲ್ಲ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತೇನೆ, ಕೈಗೆ ಜೋಳದ ಹಿಟ್ಟು ಮೆತ್ತಿರುತ್ತದೆ. ಬೇಳೆ ಉಕ್ಕುತ್ತಿರುತ್ತದೆ, ಹಾಲಿನ ಕಡೆ ಒಂದು ಕಣ್ಣು, ಹಂಚಿನ ಮೇಲೆ ಭೂಪಟದಂಥ ರೊಟ್ಟಿ. "ಏನ್ರೀ, ಅಣ್ಣ ಇಷ್ಟೊತ್ತಿಗೆ ಡ್ರಮ್ ಮುಗಿಸಿ ಪಿಯಾನೋಕ್ಕ ಕುಂತ" ಎಂದು ಹೊರಗಿನಿಂದ ದನಿ ಬರುತ್ತದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮನುಷ್ಯನ ಮೇಲೆ ನನಗೆ ತುಸು ಸಿಟ್ಟು ಬಂದಿದೆ. ಅವನು ಸುಮ್ಮನೆ ಡ್ರಮ್ ಒಂದನ್ನೇ ಬಾರಿಸಿಕೊಂಡು ಇದ್ದಿದ್ದರೆ, ನಾನು ಚಹಾ ಒಂದನ್ನೇ ಮಾಡಿ ಪಾರಾಗುತ್ತಿದ್ದೆ.